ದಿವೇ ಘಾಟಿನಿಂದ ಚಂದ್ರಭಾಗೆಯವರೆಗೆ: ಪುಣೆ–ಸಾಸವಡ–ಫಲಟಣ–ಪಂಢರಪುರ ರಸ್ತೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರ ಮನೆಗೆ ವಿಜಯಪುರ, ಬಾಗಲಕೋಟೆ, ಹಾವೇರಿಗಳಿಂದ ನೆಂಟರು ಬಂದರೆ ಎರಡನೆಯ ದಿನದ ಹೊತ್ತಿಗೆ ಪಂಢರಪುರದ ಮಾತು ಬಂದೇ ಬರುತ್ತದೆ. ಯಾವ ದಾರಿ ಹಿಡಿಯಬೇಕು, ನಡುವೆ ಏನಿದೆ, ವಾರಿಯ (ಪಂಢರಪುರಕ್ಕೆ ನಡೆದು ಹೋಗುವ ಆಷಾಢದ ಯಾತ್ರೆಯ) ದಿನಗಳಲ್ಲಿ ಗಾಡಿ ಬಿಡುತ್ತಾರೆಯೇ ಎಂಬ ಪ್ರಶ್ನೆಗಳಿಗೆ ವರ್ಷವರ್ಷವೂ ಬಾಯಲ್ಲಿ ಉತ್ತರ ಹೇಳಿ ಸಾಕಾಗಿ, ಅವನ್ನೆಲ್ಲ ಒಂದೆಡೆ ಬರೆದಿಟ್ಟಿದ್ದೇನೆ.

ಈ ರಸ್ತೆ ಎಲ್ಲಿ ಆರಂಭವಾಗಿ ಎಲ್ಲಿಗೆ ಹೋಗುತ್ತದೆ?

ಪುಣೆಯ ಹಡಪಸರದಲ್ಲಿ ಸೊಲ್ಲಾಪುರ ರಸ್ತೆಯನ್ನು ಬಿಟ್ಟು ಬಲಕ್ಕೆ ಹೊರಳಿದರೆ ಸಿಗುವ ರಸ್ತೆಯೇ ಇದು. ಫುರಸುಂಗಿ, ಉರುಳಿ ದೇವಾಚಿ, ವಡಕಿ ಎಂಬ ಊರುಗಳನ್ನು ಹಾಯ್ದು ದಿವೇ ಘಾಟನ್ನು ಹತ್ತಿದ ಮೇಲೆ ಸಾಸವಡ, ಜೇಜುರಿ, ವಾಲ್ಹೆ, ನೀರಾ ಬರುತ್ತವೆ. ನೀರಾ ಹೊಳೆಯ ಸೇತುವೆಯಲ್ಲಿ ಪುಣೆ ಜಿಲ್ಲೆ ಮುಗಿದು ಸಾತಾರಾ ಜಿಲ್ಲೆ ತೊಡಗುತ್ತದೆ. ಲೋಣಂದ, ತರಡಗಾಂವ, ಫಲಟಣ, ಬರಡ ದಾಟಿ ಧರ್ಮಪುರಿಯ ಹತ್ತಿರ ಸೊಲ್ಲಾಪುರ ಜಿಲ್ಲೆಗೆ ಕಾಲಿಟ್ಟರೆ ನಾತೇಪುತೆ, ಮಾಳಶಿರಸ, ವೇಳಾಪುರ, ಭಂಡೀಶೇಗಾಂವ, ವಾಖರಿ, ಕೊನೆಗೆ ಪಂಢರಪುರ. ಪುಣೆಯಿಂದ ಒಟ್ಟು ದೂರ ಸುಮಾರು 210 ಕಿಲೋಮೀಟರ್. ರಸ್ತೆ ಪಂಢರಪುರದಲ್ಲಿ ನಿಲ್ಲದೆ ಮೋಹೋಳದವರೆಗೆ ಸಾಗಿ ಅಲ್ಲಿ ಪುಣೆ–ಸೊಲ್ಲಾಪುರ ಹೆದ್ದಾರಿಯನ್ನು ಕೂಡಿಕೊಳ್ಳುತ್ತದೆ.

ಇದು ರಾಜ್ಯ ಹೆದ್ದಾರಿಯೇ, ರಾಷ್ಟ್ರೀಯ ಹೆದ್ದಾರಿಯೇ?

ಹಳಬರ ಬಾಯಲ್ಲಿ ಇದು ಈಗಲೂ ರಾಜ್ಯದ ರಸ್ತೆಯೇ, ಕಾಗದದ ಮೇಲೆ ಮಾತ್ರ ಈಗ ರಾಷ್ಟ್ರೀಯ ಹೆದ್ದಾರಿ 965. ದಶಕಗಳ ಕಾಲ ರಾಜ್ಯದ ಲೋಕೋಪಯೋಗಿ ಇಲಾಖೆಯ ಕೈಯಲ್ಲಿದ್ದ, ಎದುರಿನಿಂದ ಎಸ್‌ಟಿ ಬಸ್ಸು ಬಂದರೆ ಒಂದು ಗಾಲಿಯನ್ನು ಮಣ್ಣಿಗೆ ಇಳಿಸಬೇಕಾಗಿದ್ದ ದಾರಿಗೆ ಸಂತ ಜ್ಞಾನೇಶ್ವರ ಮಹಾರಾಜ ಪಾಲಖಿ ಮಾರ್ಗವೆಂದು ಹೆಸರಿಟ್ಟು, 2021ರ ನವೆಂಬರ್ 8ರಂದು ಪ್ರಧಾನಿಯವರು ಚತುಷ್ಪಥ ಕಾಮಗಾರಿಗೆ ಶಂಕುಸ್ಥಾಪನೆ ಮಾಡಿದರು. ಆಗ ಪ್ರಕಟವಾದ ಲೆಕ್ಕದಂತೆ ದಿವೇ ಘಾಟಿನಿಂದ ಮೋಹೋಳದವರೆಗಿನ ಸುಮಾರು 221 ಕಿಲೋಮೀಟರ್ ಉದ್ದಕ್ಕೆ 6,690 ಕೋಟಿ ರೂಪಾಯಿಗೂ ಹೆಚ್ಚಿನ ಅಂದಾಜು ವೆಚ್ಚ. ವಾಹನಗಳ ಪಥಗಳ ಎರಡೂ ಬದಿಯಲ್ಲಿ ವಾರಕರಿಗಳು ನಡೆಯುವುದಕ್ಕೆಂದೇ ಪ್ರತ್ಯೇಕ ದಾರಿ ಬಿಡುವುದು ಈ ಯೋಜನೆಯ ವಿಶೇಷ.

ಈ ದಾರಿಯನ್ನು ಮೊದಲು ಮಾಡಿದವರು ಯಾರು?

ಮಾಡಿದವರು ಎಂದು ಯಾವ ಅರಸನ, ಯಾವ ಎಂಜಿನಿಯರನ ಹೆಸರನ್ನೂ ಹೇಳುವಂತಿಲ್ಲ. ಇದು ಕಾಲು ಸವೆಸಿ ಮಾಡಿದ ದಾರಿ. ಆಳಂದಿಯಲ್ಲಿ 1296ರಲ್ಲಿ ಸಮಾಧಿಸ್ಥರಾದ ಜ್ಞಾನೇಶ್ವರರ ಕಾಲಕ್ಕಾಗಲೇ ಪಂಢರಪುರದ ವಾರಿ ರೂಢಿಯಲ್ಲಿತ್ತು. ತುಕಾರಾಮರ ಮಗ ನಾರಾಯಣ ಮಹಾರಾಜರು 1685ರಲ್ಲಿ ಸಂತರ ಪಾದುಕೆಗಳನ್ನು ಪಲ್ಲಕ್ಕಿಯಲ್ಲಿ ಒಯ್ಯುವ ಪದ್ಧತಿಯನ್ನು ಆರಂಭಿಸಿದರು. ಜ್ಞಾನೇಶ್ವರರ ಪಲ್ಲಕ್ಕಿಗೆ ಈಗಿರುವ ಶಿಸ್ತು, ದಿಂಡಿಗಳ (ವಾರಕರಿಗಳ ತಂಡಗಳ) ಕ್ರಮಸಂಖ್ಯೆ, ಮುಕ್ಕಾಮುಗಳ ಸರದಿ ಇವೆಲ್ಲ ಬಂದದ್ದು 19ನೇ ಶತಮಾನದ ಮೊದಲರ್ಧದಲ್ಲಿ, ಸಾತಾರಾ ಜಿಲ್ಲೆಯ ಆರಫಳದ ಹೈಬತಬಾಬಾ ಅವರಿಂದ. ಗ್ವಾಲಿಯರದ ಶಿಂದೆ ಅರಸರ ಸೇವೆಯಲ್ಲಿದ್ದ ಈ ಮನುಷ್ಯ ದಂಡಿನ ಪಯಣದ ಶಿಸ್ತನ್ನು ಭಜನೆಯ ಪಯಣಕ್ಕೆ ತಂದರು ಎಂದರೆ ತಪ್ಪಾಗಲಾರದು. ಇಂದಿಗೂ ತುತ್ತೂರಿ ಊದಿದ ಮೇಲೆಯೇ ಪಲ್ಲಕ್ಕಿ ಏಳುತ್ತದೆ.

ನಕಾಶೆಯನ್ನು ಹರಡಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸಾಸವಡ, ಜೇಜುರಿ, ವಾಲ್ಹೆ, ಲೋಣಂದ, ತರಡಗಾಂವ, ಫಲಟಣ, ಬರಡ, ನಾತೇಪುತೆ, ಮಾಳಶಿರಸ, ವೇಳಾಪುರ, ಭಂಡೀಶೇಗಾಂವ, ವಾಖರಿ: ರಸ್ತೆಯ ದೊಡ್ಡ ಊರುಗಳೆಂದು ನಾವು ಎಣಿಸುವವೆಲ್ಲ ಪಲ್ಲಕ್ಕಿಯ ರಾತ್ರಿ ಮುಕ್ಕಾಮುಗಳೇ. ಒಂದರಿಂದ ಇನ್ನೊಂದಕ್ಕೆ ಇರುವ ದೂರ ಬಹುಪಾಲು ಒಂದು ದಿನದ ನಡಿಗೆಯಷ್ಟು. ಕಾರಿನಲ್ಲಿ ಹೋಗುವವರಿಗೆ ಇಪ್ಪತ್ತು ನಿಮಿಷಕ್ಕೊಂದು ಪೇಟೆ ಎದುರಾಗುವುದೇಕೆ ಎಂಬುದಕ್ಕೂ ಇದೇ ಉತ್ತರ.

ಪಲ್ಲಕ್ಕಿಯ ಕುದುರೆಗಳು ಕರ್ನಾಟಕದಿಂದ ಬರುತ್ತವೆ ಎನ್ನುವುದು ನಿಜವೇ?

ನಿಜ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಅಂಕಲಿಯ ಶಿತೋಳೆ ಸರದಾರ ಮನೆತನದ ಕುದುರೆಗಳು ಪ್ರತಿವರ್ಷ ಅಂಕಲಿಯಿಂದ ಆಳಂದಿಗೆ ನಡೆದೇ ಬರುತ್ತವೆ. ಹೈಬತಬಾಬಾ ಅವರ ಕಾಲದಿಂದ ನಡೆದುಬಂದ ಸೇವೆ ಇದು. ಒಂದು ಕುದುರೆಯ ಮೇಲೆ ಪತಾಕೆ ಹಿಡಿದ ಸವಾರನಿರುತ್ತಾನೆ. ಇನ್ನೊಂದರ ಬೆನ್ನು ಬರಿದಾಗಿರುತ್ತದೆ, ಏಕೆಂದರೆ ಅದರ ಮೇಲೆ ಕುಳಿತವರು ಸ್ವತಃ ಜ್ಞಾನೇಶ್ವರ ಮಾವುಲಿ ಎಂಬ ಭಾವನೆ. ರಿಂಗಣದಲ್ಲಿ, ಎಂದರೆ ವಾರಕರಿಗಳ ನಡುವೆ ಕುದುರೆ ಓಡಿಸುವ ವಿಧಿಯಲ್ಲಿ, ಈ ಎರಡೂ ಓಡುವಾಗ ಸವಾರನಿಲ್ಲದ ಕುದುರೆಯ ಗೊರಸಿನಡಿಯ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳಲು ಜನ ಮುಗಿಬೀಳುತ್ತಾರೆ. ಜನ ಸಾಲಾಗಿ ನಿಂತು ನಡುವೆ ದಾರಿ ಬಿಡುವ ‘ನಿಂತ ರಿಂಗಣ’ಗಳಲ್ಲಿ ಮೊದಲನೆಯದು ಲೋಣಂದದ ಮುಂದೆ ಚಾಂದೋಬಾಚಾ ಲಿಂಬ ಎಂಬ ಸ್ಥಳದಲ್ಲಿ ನಡೆಯುತ್ತದೆ. ಅಂಕಲಿಯ ಕಡೆಯವರು ಪುಣೆಯಲ್ಲಿ ಎಷ್ಟು ಜನ ಇದ್ದೇವೋ, ಅಷ್ಟೂ ಜನ ಆ ದಿನ ‘ನಮ್ಮ ಕುದುರೆ’ ಎಂದೇ ಮಾತನಾಡುತ್ತೇವೆ.

ದಿವೇ ಘಾಟು ಹೊಸಬರಿಗೆ ಕಷ್ಟವೇ?

ಉದ್ದವಿಲ್ಲ, ಆದರೆ ಹಳೆಯ ತಿರುವುಗಳು ಇಕ್ಕಟ್ಟು. ಕೆಲಸ ನಡೆದಿರುವ ಜಾಗಗಳಲ್ಲಿ ಮಳೆಗಾಲದಲ್ಲಿ ಕಲ್ಲು ಉರುಳುವುದುಂಟು. ರಾತ್ರಿ ಹತ್ತುವ ಗಡಿಬಿಡಿ ಬೇಡ. ಹತ್ತುವಾಗ ಕೆಳಗೆ ವಡಕಿಯ ಬಳಿ ಕಾಣುವ ಚೌಕಾಕಾರದ ಕಲ್ಲಿನ ಕೆರೆ ಮಸ್ತಾನಿ ತಲಾವ್, ಪೇಶವೆ ಮೊದಲನೆಯ ಬಾಜೀರಾಯನ ಕಾಲದ್ದೆಂದು ಪ್ರತೀತಿ.

ಪಲ್ಲಕ್ಕಿ ಇಲ್ಲಿ ಹತ್ತುವ ದಿನವನ್ನು ಒಮ್ಮೆಯಾದರೂ ನೋಡಬೇಕು. ಪುಣೆಯಿಂದ ಸಾಸವಡದವರೆಗಿನ ಈ ಒಂದು ದಿನದ ನಡಿಗೆ ಸುಮಾರು 30 ಕಿಲೋಮೀಟರ್, ಇಡೀ ವಾರಿಯಲ್ಲೇ ದೊಡ್ಡದು. ಬೆಳ್ಳಿಯ ರಥಕ್ಕೆ ಒಂದು ಜೋಡಿ ಎತ್ತು ಸಾಲದೆಂದು ಘಾಟಿನ ಬುಡದಲ್ಲಿ ಇನ್ನೂ ನಾಲ್ಕಾರು ಜೋಡಿ ಕಟ್ಟುತ್ತಾರೆ. ಮೇಲಿನ ತಿರುವಿನಲ್ಲಿ ನಿಂತರೆ ಮೊದಲು ಕಾಣುವುದು ಕೇಸರಿ ಪತಾಕೆಗಳ ಗೆರೆ, ಕೇಳುವುದು ತಾಳದ ಒಂದೇ ಸದ್ದು. ಆಮೇಲೆ ತುಳಸಿ ವೃಂದಾವನ ಹೊತ್ತ ಹೆಂಗಸರ ತಲೆಗಳು. ಒಮ್ಮೆ ನನ್ನ ಪಕ್ಕದಲ್ಲಿ ಕುಳಿತು ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಅಜ್ಜಿಯೊಬ್ಬರು ಮರಾಠಿಯಲ್ಲಿ ನೀರು ಕೇಳಿದರು. ನನ್ನ ಮರಾಠಿಯ ಉಚ್ಚಾರ ಕೇಳಿದ್ದೇ ತಡ, ‘ಯಾವೂರಪ್ಪಾ ನಿಂದು?’ ಎಂದರು. ಇಂಡಿ ತಾಲ್ಲೂಕಿನವರಂತೆ. ಹಿಮ್ಮಡಿಯ ಬಿರುಕಿನೊಳಗೆ ಡಾಂಬರು ಕಪ್ಪಗೆ ಕೂತಿತ್ತು, ಆದರೂ ಅವರ ಚಿಂತೆಯೆಲ್ಲ ಊರಿನಲ್ಲಿ ತೊಗರಿ ಬಿತ್ತಿದರೋ ಇಲ್ಲವೋ ಎಂಬುದರ ಮೇಲೆ.

ಸಾಸವಡದಲ್ಲಿ ನಿಲ್ಲಬೇಕೇ?

ಅರ್ಧ ದಿನ ಇದ್ದರೆ ನಿಲ್ಲಿ. ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ, ಕರ್ಹಾ ದಂಡೆಯ ಸಂಗಮೇಶ್ವರ, ಪುರಂದರೆಯವರ ವಾಡೆ, ಪೇಶವೆ ಬಾಳಾಜಿ ವಿಶ್ವನಾಥನ ಸಮಾಧಿ ಇಲ್ಲಿವೆ. ಹಂಗಾಮಿನಲ್ಲಿ ರಸ್ತೆಬದಿಯ ಬುಟ್ಟಿಗಳಲ್ಲಿ ಅಂಜೂರ ಮತ್ತು ಸೀತಾಫಲ ಸಿಗುತ್ತವೆ. ಪುರಂದರ ಅಂಜೂರಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಮಧ್ಯಾಹ್ನದ ಬಿಸಿಲಿಗೆ ಅಂಜೂರ ಮೆತ್ತಗಾಗಿಬಿಡುವುದರಿಂದ ಬೆಳಿಗ್ಗೆಯೇ ಕೊಳ್ಳುವುದು ಜಾಣತನ.

ಪುರಂದರಗಡಕ್ಕೂ ಪುರಂದರದಾಸರಿಗೂ ಸಂಬಂಧವಿದೆಯೇ?

ಪುಣೆಗೆ ಬಂದ ಪ್ರತಿಯೊಬ್ಬ ಕನ್ನಡಿಗನೂ ಕೇಳುವ ಪ್ರಶ್ನೆ ಇದು. ಸಾಸವಡದ ಆಚೆ ಕಾಣುವ ಈ ಕೋಟೆಯ ಸೀಮೆಯೇ ದಾಸರ ಹುಟ್ಟೂರೆಂಬ ನಂಬಿಕೆ ಬಹಳ ಕಾಲ ಪಠ್ಯಗಳಲ್ಲಿ, ಹರಿಕಥೆಗಳಲ್ಲಿ ನಡೆದುಬಂತು. ತೀರ್ಥಹಳ್ಳಿಯ ಬಳಿಯ ಆರಗ ಸೀಮೆಯೇ ಅವರ ಮೂಲ ಎಂಬ ವಾದವೂ ಇದೆ, ಕನ್ನಡ ವಿಶ್ವವಿದ್ಯಾಲಯದ ಕಡೆಯ ತಜ್ಞರು ಈಚಿನ ವರ್ಷಗಳಲ್ಲಿ ಒಲಿದದ್ದೂ ಅದಕ್ಕೇ. ಅಂಕಿತದಲ್ಲಿರುವ ‘ಪುರಂದರ’ ಒಂದು ಊರಿನ ಹೆಸರೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಕೋಟೆಗೆ ಅದರದೇ ಆದ ಇತಿಹಾಸವಿದೆ: ಸಂಭಾಜಿ ಹುಟ್ಟಿದ್ದು ಇಲ್ಲಿ, 1657ರಲ್ಲಿ, ಶಿವಾಜಿ ಮತ್ತು ಮಿರ್ಜಾ ರಾಜಾ ಜಯಸಿಂಹರ ನಡುವಿನ ಒಪ್ಪಂದ ಪುರಂದರದ ಹೆಸರನ್ನೇ ಹೊತ್ತಿದೆ, 1665ರದು.

ಜೇಜುರಿಯ ಖಂಡೋಬನೂ ನಮ್ಮ ಮೈಲಾರಲಿಂಗನೂ ಒಬ್ಬರೇ ಏನು?

ಭಕ್ತರ ಮಟ್ಟಿಗೆ ಒಬ್ಬರೇ. ಜೇಜುರಿಯ ಮೆಟ್ಟಿಲು ಹತ್ತುವವರ ‘ಯೇಳಕೋಟ ಯೇಳಕೋಟ ಜಯ ಮಲ್ಹಾರ’ ಎಂಬ ಘೋಷವನ್ನು ಹೂವಿನಹಡಗಲಿ ಸೀಮೆಯ ಮೈಲಾರದಲ್ಲೋ, ರಾಣೇಬೆನ್ನೂರಿನ ದೇವರಗುಡ್ಡದಲ್ಲೋ ಕೇಳುವ ‘ಏಳುಕೋಟಿ ಏಳುಕೋಟಿ’ಯ ಪಕ್ಕದಲ್ಲಿ ಇಟ್ಟು ನೋಡಿ. ಮರಾಠಿ ಮಾತನಾಡುವವರು ನಿತ್ಯ ಕೂಗುವ ಈ ಮಾತಿನಲ್ಲಿ ‘ಏಳು’ ಕನ್ನಡದ ಏಳು ಎಂದು ಇಲ್ಲಿಯ ಅಂಗಡಿಯವರಿಗೆ ಹೇಳಿದರೆ ಕೆಲವರು ನಗುತ್ತಾರೆ, ಕೆಲವರು ತಮಗದು ಮೊದಲೇ ಗೊತ್ತೆನ್ನುತ್ತಾರೆ. ನಮ್ಮ ಗೊರವರಿಗೆ ಕಂಬಳಿಯ ನಿಲುವಂಗಿ, ಕರಡಿಗೂದಲ ಕುಲಾವಿ, ಡಮರು. ಇಲ್ಲಿ ಆ ಜಾಗದಲ್ಲಿ ಖಂಡೋಬನ ಸೇವೆಗೆ ನಿಂತ ವಾಘ್ಯಾ (ಗಂಡಸು) ಮತ್ತು ಮುರಳಿ (ಹೆಂಗಸು). ಮಣಿ–ಮಲ್ಲರ ಸಂಹಾರದ ಕಥೆ ಎರಡೂ ಕಡೆ ಒಂದೇ. ಭಂಡಾರವೂ ಒಂದೇ, ಆದರೆ ಜೇಜುರಿಯಲ್ಲಿ ಅದನ್ನು ಹಣೆಗೆ ಹಚ್ಚುವುದಲ್ಲ, ಹಿಡಿಹಿಡಿಯಾಗಿ ಆಕಾಶಕ್ಕೆ ತೂರುತ್ತಾರೆ. ಮೆಟ್ಟಿಲು, ದೀಪಮಾಲೆ, ಕಂಬ, ಗೋಡೆ, ನಿಮ್ಮ ಅಂಗಿಯ ಹೊಲಿಗೆಯ ಸಂದು ಎಲ್ಲವೂ ಹಳದಿ. ಬಿಳಿಯ ಬಟ್ಟೆಯಲ್ಲಿ ಹೋಗಬೇಡಿ. ಮೂರು ಸಲ ಒಗೆದರೂ ಅರಿಶಿನ ಪೂರ್ತಿ ಬಿಡುವುದಿಲ್ಲ.

ಅಮಾವಾಸ್ಯೆ ಸೋಮವಾರ ಬಿದ್ದ ದಿನ, ಅಂದರೆ ಸೋಮವತಿಯಂದು, ದೇವರ ಪಲ್ಲಕ್ಕಿ ಕರ್ಹಾ ನದಿಗೆ ಸ್ನಾನಕ್ಕೆ ಇಳಿಯುತ್ತದೆ. ಆ ದಿನ ಊರಿನೊಳಗಿನ ರಸ್ತೆ ಇದೆ ಎಂದೇ ಭಾವಿಸಬೇಡಿ.

ನೀರಾ ದಾಟಿದ ಮೇಲೆ ನೆಲದ ಬಣ್ಣವೇ ಬದಲಾಗುವುದೇಕೆ?

ಕಾಲುವೆಯಿಂದ. ಘಾಟಿನ ಮೇಲಿಂದ ಜೇಜುರಿಯವರೆಗೆ ಮಳೆಯ ನೆರಳಿನ ಸೀಮೆ. ಬಾಜರಿ, ಜೋಳ, ಕುರಿಯ ಹಿಂಡು. ನೀರಾ ಕಣಿವೆಗೆ ಇಳಿದೊಡನೆ ಕಬ್ಬು ಕಣ್ಣು ತುಂಬುತ್ತದೆ. ಭೋರ ಕಡೆಯ ಭಾಟಘರದಲ್ಲಿ ಬ್ರಿಟಿಷರು ಕಟ್ಟಿಸಿದ ಅಣೆಕಟ್ಟಿನ ನೀರು ನೀರಾ ಎಡದಂಡೆ, ಬಲದಂಡೆ ಕಾಲುವೆಗಳಲ್ಲಿ ಹರಿಯುತ್ತದೆ. ಈಗಿರುವ ದೊಡ್ಡ ಕಟ್ಟೆ ಮುಗಿದದ್ದು 1928ರಲ್ಲಿ. ಬಲದಂಡೆಯ ಕಾಲುವೆ ಫಲಟಣ, ಮಾಳಶಿರಸ ತಾಲ್ಲೂಕುಗಳ ಹಣೆಬರಹವನ್ನೇ ತಿದ್ದಿತು. ಆ ನೀರಿನ ಹಿಂದೆ ಸಾಸವಡದ ಮಾಳಿ ಸಮುದಾಯದ ರೈತರು ಇದೇ ದಿಕ್ಕಿನಲ್ಲಿ ಕೆಳಗಿಳಿದು ಮಾಳಶಿರಸ ತಾಲ್ಲೂಕಿನಲ್ಲಿ ನೆಲೆಸಿ, ಮಾಳಿನಗರವೆಂಬ ಊರನ್ನೂ 1932ರಲ್ಲಿ ಸಾಸವಡ ಮಾಳಿ ಶುಗರ್ ಫ್ಯಾಕ್ಟರಿಯನ್ನೂ ಕಟ್ಟಿದರು. ಸೊಲ್ಲಾಪುರ ಜಿಲ್ಲೆಯ ಕಾರ್ಖಾನೆಗೆ ಪುಣೆ ಜಿಲ್ಲೆಯ ಊರಿನ ಹೆಸರೇಕೆ ಎಂದು ಕೇಳುವವರಿಗೆ ಇದೇ ಉತ್ತರ. ವಾರಿಯಲ್ಲದೆ ಈ ದಾರಿಯಲ್ಲಿ ನಡೆದ ಇನ್ನೊಂದು ದೊಡ್ಡ ಪಯಣವೆಂದರೆ ಇದು, ಮತ್ತು ಇದನ್ನು ಯಾರೂ ಹಾಡಲಿಲ್ಲ.

ವಾರಕರಿಗಳಿಗೆ ನೀರಾ ಬೇರೆ ಕಾರಣಕ್ಕೆ ಮುಖ್ಯ. ಸೇತುವೆ ದಾಟುವಾಗ ಜ್ಞಾನೇಶ್ವರರ ಪಾದುಕೆಗಳಿಗೆ ಈ ಹೊಳೆಯಲ್ಲಿ ಸ್ನಾನವಾಗುತ್ತದೆ.

ಫಲಟಣದಲ್ಲಿ ನೋಡುವುದೇನು?

ನಿಂಬಾಳಕರ ಮನೆತನದ ಸಂಸ್ಥಾನದ ರಾಜಧಾನಿ ಇದು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಶಿವಾಜಿಯ ಪತ್ನಿ ಸಯೀಬಾಯಿ ಈ ಮನೆತನದ ಮಗಳು. ಅರಮನೆಯ ಪಕ್ಕದ ರಾಮಮಂದಿರದ ಮರದ ಕೆತ್ತನೆ ಮತ್ತು ಹಳೆಯ ಜಬರೇಶ್ವರ ಗುಡಿ ಒಂದು ಗಂಟೆಗೆ ಸಾಕು. ಮಹಾನುಭಾವ ಪಂಥದವರಿಗೂ ಇದು ಯಾತ್ರಾಸ್ಥಳ.

ವಾರಿಯ ದಿನಗಳಲ್ಲಿ ಕಾರಿನಲ್ಲಿ ಹೋಗಬಹುದೇ?

ಪಲ್ಲಕ್ಕಿ ಇರುವ ತುಣುಕಿನಲ್ಲಿ ಹೋಗಲಾಗದು, ಹೋಗಬಾರದು ಕೂಡ. ದಿವೇ ಘಾಟು ಮುಚ್ಚಿದ ದಿನ ಸಾಸವಡಕ್ಕೆ ಕೊಂಢವಾದ ಮೇಲಿಂದ ಬೋಪದೇವ ಘಾಟು ಒಂದು ದಾರಿ; ಸಾತಾರಾ ಹೆದ್ದಾರಿಯ ಕಾಪೂರಹೋಳದಿಂದ ನಾರಾಯಣಪುರದ ಮೇಲೆ ಬರುವುದು ಇನ್ನೊಂದು. ನೇರವಾಗಿ ಪಂಢರಪುರಕ್ಕೇ ಹೋಗುವವರು ಸೊಲ್ಲಾಪುರ ಹೆದ್ದಾರಿಯಲ್ಲಿ ಟೆಂಭುರ್ಣಿಯವರೆಗೆ ಹೋಗಿ ಬಲಕ್ಕೆ ಹೊರಳುವುದು ಲೇಸು. ಪೊಲೀಸರು ಪ್ರತಿವರ್ಷ ದಿನಾಂಕವಾರು ಬದಲಿ ಮಾರ್ಗಗಳನ್ನು ಪ್ರಕಟಿಸುತ್ತಾರೆ. ಹೊರಡುವ ಹಿಂದಿನ ರಾತ್ರಿ ಅದನ್ನೊಮ್ಮೆ ನೋಡಿಕೊಳ್ಳಿ. ಆಷಾಢ ದಶಮಿಯಂದು ಎಲ್ಲ ಸಂತರ ಪಲ್ಲಕ್ಕಿಗಳೂ ವಾಖರಿಯಲ್ಲಿ ಕೂಡುವುದರಿಂದ ಆ ದಿನ ಊರಿನ ಸುತ್ತಲ ಯಾವ ರಸ್ತೆಯನ್ನೂ ನಂಬುವಂತಿಲ್ಲ.

ತುಕಾರಾಮರ ಪಲ್ಲಕ್ಕಿಯೂ ಇದೇ ದಾರಿಯಲ್ಲಿ ಬರುತ್ತದೆಯೇ?

ಇಲ್ಲ. ದೇಹೂವಿನಿಂದ ಬರುವ ಆ ಪಲ್ಲಕ್ಕಿ ಹಡಪಸರದಲ್ಲಿ ಬೇರೆಯಾಗಿ ಯವತ, ಬಾರಾಮತಿ, ಇಂದಾಪುರ, ಅಕಲೂಜಗಳ ಮೇಲೆ ಬಂದು, ವೇಳಾಪುರ ದಾಟಿದ ಮೇಲೆ ತೊಂಡಲೆ–ಬೊಂಡಲೆಯ ಹತ್ತಿರ ಈ ರಸ್ತೆಗೆ ಸೇರುತ್ತದೆ.

ಅಗಲೀಕರಣದಿಂದ ಒಳ್ಳೆಯದಾಯಿತೇ?

ಸಮಯ ಉಳಿಯಿತು, ಎದುರುಬದುರಿನ ಡಿಕ್ಕಿಯ ಭಯ ತಗ್ಗಿತು, ನಡೆಯುವವರಿಗೆಂದು ಜಾಗ ಬಿಟ್ಟರು. ಇಷ್ಟನ್ನು ಮನಸಾರೆ ಒಪ್ಪುತ್ತೇನೆ. ಆದರೆ ಹಳೆಯ ರಸ್ತೆಯ ಎರಡೂ ಬದಿಗಿದ್ದ ಆಲ, ಬೇವು, ಹುಣಿಸೆಗಳು ಹೋದವು. ಬರಿಗಾಲಿನಲ್ಲಿ ನಡೆಯುವವರಿಗೆ ಕಾಂಕ್ರೀಟಿನ ಕಾವು ಎಂಥದ್ದೆಂದು ತಿಳಿಯಬೇಕಾದರೆ ಮಳೆ ಹಿಂದೆಗೆದ ಆಷಾಢದ ಮಧ್ಯಾಹ್ನ ಚಪ್ಪಲಿ ಬಿಟ್ಟು ಹತ್ತು ಹೆಜ್ಜೆ ಹಾಕಿದರೆ ಸಾಕು. ನೆಟ್ಟ ಸಸಿಗಳು ನೆರಳು ಕೊಡುವಷ್ಟಾಗಲು ಒಂದು ತಲೆಮಾರು ಬೇಕು. ನಡೆದು ನಡೆದೇ ಹುಟ್ಟಿದ ರಸ್ತೆಯಲ್ಲಿ ನಡೆಯುವವರ ಪಾಲು ಅಂಚಿಗೆ ಸರಿದದ್ದು ನನಗೆ ಸರಿಕಾಣುವುದಿಲ್ಲ.

ಇನ್ನೊಂದು ತೊಡಕು ಬೈಪಾಸುಗಳದ್ದು. ಊರೊಳಗೆ ಹೋಗದೆ ಹೊರಗಿಂದಲೇ ಸಾಗಿಬಿಡುವುದರಿಂದ ನೋಡಬೇಕಾದುದು ತಪ್ಪಿಹೋಗುತ್ತದೆ. ಒಮ್ಮೆ ಅತ್ತೆ ಮಾವನವರನ್ನು ವೇಳಾಪುರದ ಅರ್ಧನಾರೀ ನಟೇಶ್ವರ ಗುಡಿಗೆಂದು ಕರೆದೊಯ್ಯುತ್ತಿದ್ದೆ. ಯಾದವರ ಕಾಲದ ಚೆಂದದ ಗುಡಿ ಅದು. ಮೊಬೈಲಿನ ನಕಾಶೆಯನ್ನು ನಂಬಿ ಕವಲು ತಪ್ಪಿಸಿಕೊಂಡೆ. ತಿರುಗಲು ಎಡೆ ಸಿಗುವಷ್ಟರಲ್ಲಿ ಬಹಳ ಮುಂದೆ ಬಂದಾಗಿತ್ತು. ಮಾವನವರು ಏನೂ ಅನ್ನಲಿಲ್ಲ, ಆದರೆ ಮುಂದಿನ ಪ್ರತಿ ಕವಲಿನಲ್ಲೂ ಕಿಟಕಿ ಇಳಿಸಿ ದಾರಿಹೋಕರನ್ನು ಕೇಳಿದರು. ಈ ರಸ್ತೆಯಲ್ಲಿ ಈಗಲೂ ಅದೇ ಸರಿಯಾದ ವಿಧಾನ.

ಊಟ, ಇಂಧನ, ರಾತ್ರಿಯ ಪಯಣದ ಬಗ್ಗೆ ಏನು ಹೇಳುತ್ತೀರಿ?

ಇಂಧನಕ್ಕೆ ಎಲ್ಲಿಯೂ ಕೊರತೆಯಿಲ್ಲ. ಫಾಸ್ಟ್ಯಾಗಿನಲ್ಲಿ ಹಣ ಇರಲಿ. ಊಟಕ್ಕೆ ಪಿಠಲೆ–ಭಾಕರಿ ಸಿಗುವ ಸಣ್ಣ ಖಾನಾವಳಿಗಳೇ ವಾಸಿ; ನಮ್ಮ ಜುಣಕ ಮತ್ತು ಜೋಳದ ರೊಟ್ಟಿಯ ದಾಯಾದಿಗಳಾದ್ದರಿಂದ ಊರ ಕಡೆಯ ನೆಂಟರಿಗೂ ಬಾಯಿಗೆ ಒಗ್ಗುತ್ತದೆ. ಕಬ್ಬಿನ ಹಂಗಾಮಿನಲ್ಲಿ, ಎಂದರೆ ದೀಪಾವಳಿಯಿಂದ ಹೋಳಿಯವರೆಗೆ, ಕತ್ತಲಾದ ಮೇಲೆ ಫಲಟಣದ ಆಚೆ ನಿಧಾನವಾಗಿ ಹೋಗಿ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂಬದಿಯಲ್ಲಿ ದೀಪವೂ ಇರುವುದಿಲ್ಲ, ಹೊಳೆಯುವ ಪಟ್ಟಿಯೂ ಇರುವುದಿಲ್ಲ. ಹತ್ತಿರ ಬಂದಾಗ ಮೊದಲು ಕಾಣುವುದು ಹೊರಗೆ ಚಾಚಿದ ಕಬ್ಬಿನ ಗರಿ.

ಪಂಢರಪುರದ ವಿಠ್ಠಲನನ್ನು ‘ಕಾನಡಾ’ ಎನ್ನುವುದೇಕೆ?

ಜ್ಞಾನೇಶ್ವರರ ಹೆಸರಿನ ಅಭಂಗವೊಂದರಲ್ಲಿ ವಿಠ್ಠಲನಿಗೆ ‘ಕಾನಡಾ’, ‘ಕರ್ನಾಟಕು’ ಎಂಬ ವಿಶೇಷಣಗಳಿವೆ. ತಿಳಿಯಲಾರದವನು, ಲೀಲೆ ತೋರುವವನು ಎಂದು ಅದನ್ನು ಬಿಡಿಸುವವರೂ ಇದ್ದಾರೆ, ಕನ್ನಡ ನಾಡಿನವನು ಎಂದೇ ಓದುವವರೂ ಇದ್ದಾರೆ. ಎರಡನೆಯದಕ್ಕೆ ಆಧಾರ ಕಡಿಮೆಯೇನಿಲ್ಲ. ಹೊಯ್ಸಳ ದೊರೆ ವೀರ ಸೋಮೇಶ್ವರ ಈ ದೇವರಿಗೆ ಊರೊಂದನ್ನು ದತ್ತಿ ಬಿಟ್ಟ 1237ರ ಶಾಸನ ಗುಡಿಯಲ್ಲಿಯೇ ಇದೆ; ಪಂಢರಪುರದ ಹಳೆಯ ಹೆಸರು ಪಂಡರಗೆ ಎಂಬುದರಲ್ಲಿ ಕನ್ನಡದ ಊರ ಹೆಸರುಗಳ ದನಿಯಿದೆ. ಪುರಂದರ ವಿಠ್ಠಲ, ವಿಜಯ ವಿಠ್ಠಲ, ಗೋಪಾಲ ವಿಠ್ಠಲ ಎಂದು ದಾಸರ ಅಂಕಿತಗಳು ಸಾಲುಗಟ್ಟಿರುವುದು ನಮಗೆ ಗೊತ್ತೇ ಇದೆ. ಸರದಿಯಲ್ಲಿ ಗಂಟೆಗಟ್ಟಲೆ ನಿಂತಾಗ ಹಿಂದಿನಿಂದ ‘ಸರೀರಿ ಸ್ವಲ್ಪ’ ಎಂಬ ದನಿ ಕೇಳಿದರೆ ಬೆರಗಾಗಬೇಡಿ.

ಪಂಢರಪುರದಿಂದ ವಿಜಯಪುರದ ಕಡೆಗೆ ಹೇಗೆ ಹೋಗುವುದು?

ಎರಡು ದಾರಿಗಳಿವೆ. ಮೋಹೋಳದ ಮೇಲೆ ಸೊಲ್ಲಾಪುರಕ್ಕೆ ಹೋಗಿ ಅಲ್ಲಿಂದ ವಿಜಯಪುರದ ಹೆದ್ದಾರಿ ಹಿಡಿಯುವುದು ಒಂದು. ಮಂಗಳವೇಢೆಯ ಮೇಲೆ ನೇರವಾಗಿ ಇಳಿಯುವುದು ಇನ್ನೊಂದು. ಸುತ್ತು ಕಡಿಮೆ ಎನ್ನುವುದಕ್ಕಷ್ಟೇ ಅಲ್ಲದೆ ನಾನು ಎರಡನೆಯದನ್ನೇ ಹೇಳುತ್ತೇನೆ. ನಮ್ಮ ವಚನಗಳ ಕಾಲದ ಮಂಗಳವಾಡ ಇದೇ; ಕಳಚುರಿ ಬಿಜ್ಜಳನ ಈ ಊರಿನಲ್ಲಿ ಬಸವಣ್ಣನವರು ಕರಣಿಕರಾಗಿ ಕೆಲಸ ಆರಂಭಿಸಿ ಆಮೇಲೆ ಕಲ್ಯಾಣಕ್ಕೆ ಹೋದರೆಂದು ಪರಂಪರೆ ಹೇಳುತ್ತದೆ. ವಿಠ್ಠಲನ ಬಾಗಿಲಲ್ಲಿ ಸಮಾಧಿಯಿರುವ ಚೋಖಾಮೇಳ ಊರ ಗೋಡೆ ಕಟ್ಟುವ ಬಿಟ್ಟಿ ಕೆಲಸದಲ್ಲಿ ಗೋಡೆ ಕುಸಿದು ತೀರಿಕೊಂಡದ್ದೂ ಇಲ್ಲಿಯೇ. ಪಂಢರಪುರದಿಂದ ಸುಮಾರು 25 ಕಿಲೋಮೀಟರ್. ಸುತ್ತಲೂ ಕರಿಮಣ್ಣು, ಹಿಂಗಾರಿಯಲ್ಲಿ ಕಣ್ಣು ಹಾಯುವಷ್ಟು ದೂರ ಬಿಳಿಜೋಳ. ಚಳಿಗಾಲದ ಕೊನೆಗೆ ಹೋದರೆ ದಾರಿಬದಿಯಲ್ಲಿ ಸುಟ್ಟ ಸೀತನಿ ಸಿಗುತ್ತದೆ, ಇಲ್ಲಿ ಅದಕ್ಕೆ ಹುರಡಾ ಎನ್ನುತ್ತಾರೆ.